ಎರಡು ತುಂಡು ಮಡ್‌ಗಾರ್ಡ್

ಮೊನ್ನೆ ಅಟ್ಟ ಖಾಲಿ ಮಾಡುವಾಗ ಹಳೆಯ ಗೋಣಿಚೀಲದಿಂದ ಎರಡು ತಗಡಿನ ತುಂಡುಗಳು ಬಿದ್ದವು. ಕಪ್ಪು ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು, ಕತ್ತರಿಸಿದ ಅಂಚು ಮಾತ್ರ ಇನ್ನೂ ನುಣುಪಾಗಿತ್ತು. ಬೆರಳಾಡಿಸಿದೆ... ಸೂಲಿಬೆಲೆಯ ಸೈಕಲ್ ಶಾಪಿನವರು ನೆನಪಾದರು.

ಎಪ್ಪತ್ತರ ದಶಕದ ಆರಂಭ. ನಾನು ಅಲ್ಲಿ ಹೊಸ ಮೇಷ್ಟ್ರು. ಬೆಂಗಳೂರಿನ ನಿವೃತ್ತ ಅಧಿಕಾರಿಯೊಬ್ಬರಿಂದ ಹಳೆಯ ವಿಲಾಯತಿ ಸೈಕಲ್ ತಂದಿದ್ದೆ. ದೂರದ ಪ್ರವಾಸಕ್ಕೆಂದೇ ಮಾಡಿದ ತೆಳು ಮೈಯ ಗಾಡಿ, ಮಡ್‌ಗಾರ್ಡ್ ಇರಲಿಲ್ಲ. ಟೈರಿಗೂ ಚಕ್ರ ಹಿಡಿದ ಫೋರ್ಕಿನ ಕವಲಿಗೂ ನಡುವೆ ಬೆರಳು ತೂರುವಷ್ಟೂ ಜಾಗವಿಲ್ಲ. ಮಳೆ ಬಂದರೆ ಪ್ಯಾಂಟೆಲ್ಲ ಕೆಸರು, ಮಕ್ಕಳ ಮುಸಿಮುಸಿ ನಗು.

"ಇದಕ್ಕೆ ಪೂರ್ತಿ ಮಡ್‌ಗಾರ್ಡ್ ಕೂರಲ್ಲ ಮೇಷ್ಟ್ರೇ. ನಮ್ ಜೇಡಿಮಣ್ಣು ಒಳಗೆ ಸಿಕ್ಕಾಕ್ಕೊಂಡ್ರೆ ಚಕ್ರ ನಿಂತೋಗುತ್ತೆ, ನೀವು ಮುಂದಕ್ಕೆ ಹಾರ್ಬಿಡ್ತೀರಾ," ಎಂದರು ಊರಿನ ಸೈಕಲ್ ಶಾಪಿನವರು.

ಎರಡು ದಿನ ಕೂತು, ಮುಂದಿನ ಚಕ್ರಕ್ಕೆಂದು ತಂದ ಮಡ್‌ಗಾರ್ಡನ್ನು ಫೋರ್ಕಿನ ಬಳಿ ಕತ್ತರಿಸಿ, ಒಂದು ತುಂಡನ್ನು ಅದರ ಮುಂದೆ, ಇನ್ನೊಂದನ್ನು ಹಿಂದೆ ಕೂರಿಸಿದರು. ನಡುವೆ ಕೆಸರು ಉದುರಲು ಜಾಗ. ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳುವರು, ಚೂರು ಸವರಿದ ಸದ್ದಾದರೂ ಮತ್ತೆ ಬಿಚ್ಚುವರು. ಕೊನೆಗೆ ತಗಡಿನ ಕೆಳಗೆ ಉದ್ದಕ್ಕೂ ಕಿರುಬೆರಳು ಓಡಿಸಿದರು. ಅದು ಸರಾಗವಾಗಿ ಹೋದ ಮೇಲೆಯೇ ಗಾಡಿ ಕೊಟ್ಟರು.

ನನಗೋ ಆ ಕತ್ತರಿಸಿದ ಜಾಗ ಕಣ್ಣಿಗೆ ಚುಚ್ಚುತ್ತಿತ್ತು. ಆಷಾಢ ಕಳೆದ ಮೇಲೆ ಸಮೇತನಹಳ್ಳಿಗೆ ಹೆಣ್ಣು ನೋಡಲು ಹೋಗಬೇಕಿತ್ತು. ತುಂಡು ಮಡ್‌ಗಾರ್ಡಿನ ಸೈಕಲ್ಲಿನಿಂದ ಭಾವಿ ಮಾವನ ಮನೆ ಮುಂದೆ ಇಳಿಯುವುದೇ? ಯಾರಿಗೂ ಹೇಳದೆ ಹೊಸಕೋಟೆಗೆ ಹೋಗಿ, ಆ ಎರಡು ತುಂಡುಗಳನ್ನು ಬಿಚ್ಚಿಸಿ ಚೀಲಕ್ಕೆ ಹಾಕಿಕೊಂಡು, ಬೇರೊಬ್ಬನ ಕೈಯಲ್ಲಿ ಪೂರ್ತಿ ಮಡ್‌ಗಾರ್ಡನ್ನು ಬಡಿದು ಚಪ್ಪಟೆ ಮಾಡಿಸಿ ತುರುಕಿಸಿಕೊಂಡು ಬಂದೆ. ಎಂಥ ಜಂಬ ನನ್ನದು!

ಮರುವಾರ, ಮಳೆ ನಿಂತ ಬೆಳಗ್ಗೆ, ಸಂತೆಯ ಎದುರೇ ಚಕ್ರ ಗಕ್ಕನೆ ನಿಂತಿತು. ಹ್ಯಾಂಡಲ್ ದಾಟಿ ಬಿದ್ದೆ, ಮುಂದಿನ ಹಲ್ಲೊಂದು ಹೋಯಿತು. ಜನ ಸೇರಿದರು.

"ಶಾಪಿನೋರು ಹಾಕಿದ್ ಮಡ್‌ಗಾರ್ಡು ಕಣ್ಲಾ, ಮೇಷ್ಟ್ರನ್ನ ಕೆಡವ್ಬಿಡ್ತು," ಎಂದ ಒಬ್ಬ.

ಶಾಪಿನವರೂ ಓಡಿಬಂದರು. ಬಗ್ಗಿ ನೋಡಿದರು. ಕತ್ತರಿಸದ ತಗಡು, ಯಾರದೋ ರಿವಿಟ್ಟು... ತಲೆಯೆತ್ತಿ ನನ್ನ ಮುಖ ನೋಡಿದರು. ನಾನು ಬಾಯಿಗೆ ಕರ್ಚೀಫು ಒತ್ತಿಕೊಂಡೆ. ಮಾತಾಡದಿರಲು ಒಳ್ಳೆಯ ನೆಪ ಸಿಕ್ಕಿತ್ತಲ್ಲ!

ಅವರು ಕಡ್ಡಿಯೊಂದರಿಂದ ಕೆಸರು ಕೆದಕಿ ತೆಗೆದರು. "ಮೊದ್ಲು ಡಾಕ್ಟ್ರ ತಾವ ಹೋಗಿ ಮೇಷ್ಟ್ರೇ," ಎಂದರಷ್ಟೆ.

ಬಾಯಿ ವಾಸಿಯಾದ ಮೇಲೆ ನಿಜ ಹೇಳಿದರಾಯಿತು ಎಂದುಕೊಂಡೆ. ಹೇಳಲಿಲ್ಲ. ಊರಿನವರು ತಮ್ಮ ಸೈಕಲ್ಲುಗಳನ್ನು ರಿಪೇರಿಗೆ ಹೊಸಕೋಟೆಗೆ ಒಯ್ಯತೊಡಗಿದರು. ವರ್ಷ ತುಂಬುವುದರೊಳಗೆ ಶಾಪಿನ ಬಾಗಿಲು ಮುಚ್ಚಿತು, ಅವರು ಸಂಸಾರ ಕಟ್ಟಿಕೊಂಡು ಎತ್ತಲೋ ಹೋದರು. ತೀರಿಕೊಂಡರಂತೆ... ಬಹಳ ವರ್ಷಗಳ ಮೇಲೆ ಯಾರೋ ಹೇಳಿದರು.

ಸಮೇತನಹಳ್ಳಿಯ ಆ ಹುಡುಗಿಯೇ ನನ್ನ ಹೆಂಡತಿ. ಮೊನ್ನೆ ತಗಡನ್ನು ನೋಡಿ, "ನಿಮ್ಮ ಹಲ್ಲು ಮುರಿದ ಆ ಶಾಪಿನವರ ಮಡ್‌ಗಾರ್ಡು ತಾನೆ? ಗುಜರಿಗೆ ಹಾಕೋದಲ್ವಾ?" ಎಂದಳು. ಇಷ್ಟು ವರ್ಷ ಅವಳಿಗೂ ನಾನು ಅದನ್ನೇ ಹೇಳಿಕೊಂಡು ಬಂದಿದ್ದೆ.

"ಅಲ್ಲ ಕಣೇ," ಎಂದೆ. "ಅವರು ಹಾಕಿದ್ದು ಸರಿಯಾಗೇ ಇತ್ತು."

ಆ ಮಾತನ್ನು ಕೇಳಬೇಕಾದವರು ಈಗಿಲ್ಲ.