ಕೋ-ಪೈಲಟ್ಟಿನ ಗಂಟೆ

ಮೊನ್ನೆ ಬೆಳಿಗ್ಗೆ ಬೆಟಗೇರಿಯ ನಮ್ಮ ಮನೆಯಲ್ಲಿ ಚಮಚವೊಂದು ಚಹಾದ ಲೋಟಕ್ಕೆ ತಾಗಿ ಟಣ್ ಎಂದಿತು. ಬರೆಯುತ್ತಿದ್ದ ನನ್ನ ಕೈ ತಾನಾಗಿ ನಿಂತಿತು. ನೀವು ನಗಬಹುದು. ಮೂವತ್ತು ವರ್ಷ ಬಸ್ ಕಂಡಕ್ಟರನಾಗಿದ್ದವನ ಚಾಳಿ ಇದು: ಒಮ್ಮೆ ಗಂಟೆ ಹೊಡೆದರೆ ನಿಲ್ಲು, ಎರಡು ಸಲ ಹೊಡೆದರೆ ಹೊರಡು.

ಬರೆಯುತ್ತಿದ್ದದ್ದು ಮೊಮ್ಮಗಳು ಗೌರಿಯ ಅರ್ಜಿ. ಅವಳಿಗೆ ಪೈಲಟ್ ಆಗುವ ಹಂಬಲ. ದಾರಿ ಎರಡು, ಅರ್ಜಿಯಲ್ಲಿ ಒಂದರ ಚೌಕಕ್ಕೆ ಗುರುತು ಹಾಕಬೇಕು. ಹಳೆಯದರಲ್ಲಿ ಸಣ್ಣ ವಿಮಾನವನ್ನು ಒಬ್ಬಳೇ ಹಾರಿಸಿ ಪಳಗಬೇಕು, ಲೈಸೆನ್ಸು ಪಡೆದು ಆಮೇಲೆ ಕೆಲಸ ಹುಡುಕಬೇಕು. ಹೊಸದರಲ್ಲಿ ವಿಮಾನ ಕಂಪನಿಯೊಂದು ಆರಂಭದಿಂದಲೇ ಕೋ-ಪೈಲಟ್, ಅಂದರೆ ಕ್ಯಾಪ್ಟನ್ ಪಕ್ಕದ ಎರಡನೇ ಪೈಲಟ್, ಎಂದು ತಯಾರು ಮಾಡುತ್ತದೆ. ಬಹುಪಾಲು ಕಲಿಕೆ ನೆಲ ಬಿಡದ ನಕಲಿ ವಿಮಾನದಲ್ಲಿ, ಜೊತೆಗಾರನ ಪಕ್ಕ ಕೂತು. ಆ ಕಂಪನಿ ಮುಚ್ಚಿದರೆ ಆ ಲೈಸೆನ್ಸು ಹಿಡಿದು ಬೇರೆ ಬಾಗಿಲು ತಟ್ಟುವುದು ಕಷ್ಟ. ಅರ್ಜಿಗೆ ಅಂದೇ ಕೊನೆಯ ದಿನ. ಮಗ "ನೀವ ಹೇಳ್ರಿ ಅಪ್ಪಾ" ಎಂದು ಡ್ಯೂಟಿಗೆ ಹೋಗಿಬಿಟ್ಟಿದ್ದ.

ಗಡಿಯಾರ ನೋಡಿ ಊಟ ಮಾಡುವವ ನಾನು. ಹತ್ತು ನಿಮಿಷದಲ್ಲಿ ತೀರ್ಮಾನ ಕೊಟ್ಟೆ. "ಹಳೇದ ಚಲೋ. ಎಲ್ಲಿ ಹೋದ್ರೂ ನಡೀತೈತಿ."

"ಆತ್ರಿ ಅಜ್ಜಾ" ಎಂದವಳು ತಲೆ ತಗ್ಗಿಸಿ ಚಹಾ ಕಲಕತೊಡಗಿದಳು. ಆಗಲೇ ಆ ಟಣ್. ಅವಳ ಮುಖ ನೋಡಿದೆ. ಅಂಥದೇ "ಆತ್ರಿ" ಒಂದು ಕಾಲಕ್ಕೆ ನನ್ನದಾಗಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಡ್ರೈವರ್ ಫಕ್ಕೀರಪ್ಪ, ನನಗಿಂತ ಇಪ್ಪತ್ತು ವರ್ಷ ಹಿರಿಯರು. ಒಂದು ಮಧ್ಯಾಹ್ನ ಬೆಳ್ಳಟ್ಟಿಯಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಹಿಂಬಾಗಿಲಲ್ಲಿ ನಿಂತ ನನಗೆ ಚಹಾದಂಗಡಿಯ ಕಂಬ ಹತ್ತಿರವಾಗುತ್ತಿದ್ದದ್ದು ಕಾಣುತ್ತಿತ್ತು. ಗಂಟೆಯ ಹಗ್ಗ ಕೈಯಲ್ಲೇ ಇತ್ತು. ಜಗ್ಗಲಿಲ್ಲ. ಕಂಬ ಮುರಿದು ತಗಡಿನ ಚಪ್ಪರ ಕುಸಿಯಿತು. ಯಾರಿಗೂ ಪೆಟ್ಟಾಗದ್ದು ಪುಣ್ಯ.

ಫಕ್ಕೀರಪ್ಪ ಇಳಿದು ಬಂದರು. "ನೋಡಿದ್ದಿಲ್ಲೇನಲೇ?"

"ನೋಡಿದ್ದೆರಿ ಕಾಕಾ."

"ಮತ್ತ ಗಂಟಿ?"

"ನೀವು ಹಿರೇರು... ನಿಮಗ ಗೊತ್ತಿರತೈತಿ ಅಂತ."

"ನನ್ನ ಬೆನ್ನಿಗೆ ಕಣ್ಣ ಅದಾವೇನಲೇ? ಮರ್ಯಾದಿ ಮನ್ಯಾಗ ಕೊಡು. ಇಲ್ಲಿ ಗಂಟಿ ಹೊಡಿ."

ಮರುದಿನದಿಂದ ಅವರು ಪ್ರತಿ ಟ್ರಿಪ್ಪಿನಲ್ಲೂ ಬೇಕೆಂದೇ ಒಂದು ತಪ್ಪು ಮಾಡತೊಡಗಿದರು. ನಿಲ್ಲಬೇಕಾದ ಸ್ಟಾಪು ದಾಟಿಸುವರು, ಗಂಟೆಗೆ ಕಾಯದೆ ಗೇರು ಹಾಕುವರು. ನಾನು ತಡೆಯಬೇಕು. ತಡೆಯದಿದ್ದರೆ ಪ್ರಯಾಣಿಕರೆದುರೇ, "ಕಂಡಕ್ಟರ್ ಸಾಹೇಬ್ರು ಮಲಗ್ಯಾರ, ಯಾರರೆ ಎಬ್ಬಸ್ರಿ!" ತಿಂಗಳು ತುಂಬುವಷ್ಟರಲ್ಲಿ ನನ್ನ ಕೈಗೆ ಹಿರಿಯರು-ಕಿರಿಯರು ಎಂಬ ಭೇದ ಉಳಿಯಲಿಲ್ಲ.

ಇದನ್ನೆಲ್ಲ ಗೌರಿಗೆ ಹೇಳಿ, "ಈಗ ಬರೀಲೇನು?" ಎಂದು ಹಳೆಯ ದಾರಿಯ ಚೌಕಕ್ಕೆ ಪೆನ್ನು ಇಳಿಸಿದೆ.

ಟಣ್. ಈ ಸಲ ಚಮಚ ತಾನಾಗಿ ತಾಗಿರಲಿಲ್ಲ.

"ನಿಲ್ರಿ ಅಜ್ಜಾ. ಕ್ಯಾಪ್ಟನ್ ತಪ್ಪಿದಾಗ ತಪ್ಪಾತು ಅನ್ನಾಕ ಮೊದಲನೇ ದಿನದಿಂದ ಕಲಸೂದು ಹೊಸಾದ್ರಾಗ. ಒಬ್ಬಾಕೀನ ವಿಮಾನ ಹಾರಿಸಿದ್ರ ಯಾರಿಗೆ ಗಂಟಿ ಹೊಡೀಲಿ?"

"ಕಂಪನಿ ಮುಚ್ಚಿದ್ರ?"

"ಇನ್ನೊಮ್ಮೆ ಕಲೀತೀನಿ."

ಫಕ್ಕೀರಪ್ಪನವರಂತೆ ನಾನೂ ಬೇಕೆಂದೇ ತಪ್ಪಿದೆ ಎಂದು ಹೇಳಿಕೊಳ್ಳುವ ಆಸೆಯಿದೆ. ನಿಜ ಅದಲ್ಲ. ನನ್ನ ಮಾತೇ ಸರಿ ಎಂದು ಈಗಲೂ ಅನ್ನಿಸುತ್ತದೆ. ಆದರೆ ಗಂಟೆ ಬಿದ್ದ ಮೇಲೆ ಬಸ್ಸು ಕದಲಬಾರದು. ಪೆನ್ನು ಅವಳ ಕೈಗೆ ಕೊಟ್ಟೆ. ಅವಳು ಹೊಸದರ ಚೌಕಕ್ಕೆ ಗುರುತು ಹಾಕಿ, ಸಹಿ ಮಾಡಿ, ನನ್ನ ಕಡೆ ನೋಡಿದಳು.

ಚಮಚ ತೆಗೆದುಕೊಂಡು ಲೋಟಕ್ಕೆ ಎರಡು ಸಲ ಹೊಡೆದೆ.