ಕೂತು ಮಾಡುವ ಕೆಲಸ

ಬೆಳಕು ಹರಿಯುವ ಮೊದಲು ಅನಸೂಯ ಇದ್ದಿಲ ಒಲೆ ಹೊತ್ತಿಸಬೇಕು, ಇಡ್ಲಿ ಬೇಯಲಿಡಬೇಕು, ಸಾಂಬಾರಿಗೆ ಸೋರೆಕಾಯಿ ಹೆಚ್ಚಬೇಕು, ಬುಟ್ಟಿ ತುಂಬ ತೆಂಗಿನಕಾಯಿ ಹೆರೆಯಬೇಕು, ಚಟ್ನಿ ಕಡೆಯಬೇಕು. ನಡುವೆ ಗಂಡ ಜಯರಾಮನ ಸ್ನಾನಕ್ಕೆ ನೀರು ಕಾಯಿಸಬೇಕು. ನಾಸಿಕದ ಬಸ್‌ಸ್ಟ್ಯಾಂಡಿನ ಹಿಂದಿದ್ದ ಅವರ ಹೋಟೆಲಿನ ಬಾಗಿಲು ತೆರೆಯುವ ಹೊತ್ತಿಗೆ ಅವಳ ಅರ್ಧ ದಿನ ಮುಗಿದಿರುತ್ತಿತ್ತು. ಮದುವೆಯಾಗಿ ಉಡುಪಿ ಕಡೆಯಿಂದ ಬಂದ ಮೇಲೆ ಎಲ್ಲ ದಿನವೂ ಹೀಗೇ. ಬೋರ್ಡಿನ ಮೇಲೆ ಮಾತ್ರ ಜಯರಾಮನ ಹೆಸರು.

೧೯೭೨ರ ಚಳಿಗಾಲದಲ್ಲಿ ಅವಳ ಮಂಡಿಗಳು ಹಟ ಹಿಡಿದವು. ನೆಲದಿಂದ ಏಳಲು ಗೋಡೆ ಬೇಕು, ಗೋಡೆ ಸಾಲದಿದ್ದರೆ ಸೊಸೆ ಜಲಜಾಳ ಭುಜ. ಮನೆಯವರು ಕನಿಕರವಿಲ್ಲದವರಲ್ಲ. "ನೀವು ನಿಲ್ಲುದೇ ಬೇಡ ಅತ್ತೆ, ಕೂತು ಮಾಡುವಂಥದ್ದು ಮಾತ್ರ ಮಾಡಿ," ಎಂದು ಜಲಜಾ ದೋಸೆ ಕಾವಲಿ ತಾನು ವಹಿಸಿಕೊಂಡಳು. ಹೆರೆಮಣೆ, ಈಳಿಗೆಮಣೆ, ಕಡೆಯುವ ಕಲ್ಲು ಎಲ್ಲ ಅನಸೂಯಳ ಪಾಲಿಗೆ ಬಂದವು. ಎಲ್ಲವೂ ನೆಲದ ಮೇಲಿನವು. ಆ ಮನೆಯಲ್ಲಿ ಅದಕ್ಕೆ ವಿಶ್ರಾಂತಿ ಎಂದು ಹೆಸರು. ನೋವು ಇಮ್ಮಡಿಯಾಯಿತು.

ದವಾಖಾನೆಯ ಮರಾಠಿ ಡಾಕ್ಟರಮ್ಮ ಮಂಡಿ ಮಡಿಸಿ, ಒತ್ತಿ ನೋಡಿದರು. "ದಿನವಿಡೀ ನಿಂತಿರ್ತೀರಾ?"

"ಇಲ್ಲ, ಈಗ ಕೂತೇ ಇರ್ತೇನೆ."

"ಕುರ್ಚಿಯಲ್ಲಿ?"

ಅನಸೂಯಳಿಗೆ ನಗು ಬಂತು. ಹೋಟೆಲಿನ ತುಂಬ ಕುರ್ಚಿ, ಬೆಂಚು. ಅಡುಗೆಮನೆಯಲ್ಲಿ ಒಂದೂ ಇಲ್ಲ.

"ಸವೆದದ್ದನ್ನು ಹೊಸದು ಮಾಡಲಿಕ್ಕೆ ಬರೋದಿಲ್ಲ," ಎಂದರು ಡಾಕ್ಟರಮ್ಮ. "ನೆಲದ ಮೇಲೆ ಕೂರೋದು ಬಿಡಿ, ನಡೆಯೋದು ಬಿಡಬೇಡಿ. ಕುರ್ಚಿಯಲ್ಲಿ ಕೂತು ಕಾಲು ಚಾಚಿ, ತೊಡೆ ಬಿಗಿ ಹಿಡಿದು ಆಮೇಲೆ ಸಡಿಲ ಬಿಡಿ. ತೊಡೆ ಗಟ್ಟಿಯಾದರೆ ಮಂಡಿಯ ಮೇಲಿನ ಭಾರ ಇಳೀತದೆ. ಇಲ್ಲದಿದ್ದರೆ ನಾಳೆ ಬಚ್ಚಲಿಗೆ ಹೋಗಲಿಕ್ಕೂ ಇನ್ನೊಬ್ಬರ ಕೈ ಹಿಡೀಬೇಕು."

ಬಚ್ಚಲಿನ ಮಾತು ಅವಳನ್ನು ದಾರಿಯುದ್ದಕ್ಕೂ ಬಿಡಲಿಲ್ಲ. ಮನೆಗೆ ಬಂದವಳೇ ಅಡುಗೆಮನೆಗೊಂದು ಬೆಂಚು ಕೇಳಿದಳು.

"ಒಳಗೆ ಬೆಂಚು ಇಟ್ರೆ ತಿರುಗಲಿಕ್ಕೆ ಜಾಗ ಎಲ್ಲುಂಟು ಮಾರಾಯ್ತಿ?" ಎಂದ ಜಯರಾಮ. "ಬೇಕಾದ್ರೆ ಹೊರಗೆ ಗಿರಾಕಿಗಳ ಪಕ್ಕದಲ್ಲಿ ಕೂತು ಕಾಯಿ ಹೆರಿ." ತನ್ನ ತಮಾಷೆಗೆ ತಾನೇ ನಕ್ಕ. ಅನಸೂಯ ನಗಲಿಲ್ಲ. ಜಾಗ ಗೊತ್ತಾಯಿತಲ್ಲ.

ಮರುದಿನ ನಸುಕಿನಲ್ಲಿ ಅವನು ಬಚ್ಚಲಿಗೆ ಹೋದಾಗ ಅವಳು ಹೆರೆಮಣೆ ಎತ್ತಿಕೊಂಡು ಹೋಟೆಲಿನ ಹಾಲಿಗೆ ಬಂದಳು. ಮೂಲೆಯ ಬೆಂಚಿನ ಮೇಲೆ ಮಣೆಯಿಟ್ಟು, ಎದುರಿನ ಸ್ಟೂಲಿನ ಮೇಲೆ ತಟ್ಟೆಯಿಟ್ಟು ಕೂತಳು. ಪಾದಗಳು ನೆಲಕ್ಕೆ ಸರಿಯಾಗಿ ಊರಿದವು. ಮೊದಲು ಒಂದೊಂದೇ ಕಾಲು ಚಾಚಿ ತೊಡೆ ಬಿಗಿಹಿಡಿದಳು. ಆಮೇಲೆ ಕಾಯಿ ಹೆರೆದಳು. ಮಂಡಿ ನೋಯಿತು, ಆದರೆ ಚೀರಲಿಲ್ಲ.

ಹೊರಗೆ ಘೋಟಿ ಪೇಟೆಯಿಂದ ಅಕ್ಕಿ ತಂದ ಲಾರಿಯವರು ಬಾಗಿಲು ತಟ್ಟಿದರು. "ಶೇಟ್, ಚಹಾ ಸಿಗ್ತದಾ?" ಎಂದು ಮರಾಠಿಯಲ್ಲಿ ಕೂಗಿದರು.

ಮನೆಯ ಹೆಂಗಸರು ಗಿರಾಕಿಗಳ ಕಣ್ಣಿಗೆ ಬಿದ್ದದ್ದೇ ಇಲ್ಲ. ಜಯರಾಮ ಇನ್ನೂ ಮೈಮೇಲೆ ನೀರು ಸುರಿದುಕೊಳ್ಳುತ್ತಿದ್ದ. ಮಣೆ ಎತ್ತಿಕೊಂಡು ಒಳಗೆ ಹೋಗಲು ಬೇಕಾದಷ್ಟು ಸಮಯವಿತ್ತು.

ಅನಸೂಯ ಗೋಡೆ ಹಿಡಿಯದೆ ಎದ್ದಳು. ಬಾಗಿಲಿನ ಅಗುಳಿ ತಾನೇ ಸರಿಸಿದಳು. "ಕೂತ್ಕೊಳ್ಳಿ, ಚಹಾ ಬರ್ತದೆ," ಎಂದು ಹೇಳಿ ಮತ್ತೆ ಬೆಂಚಿಗೆ ಬಂದು, ಅವರ ಎದುರೇ ಕೂತು, ಇನ್ನೊಂದು ಹೋಳು ಕೈಗೆತ್ತಿಕೊಂಡಳು.