ಕೋಬೆಯಲ್ಲಿ ನಾನು ಉಣ್ಣದ ಗಂಜಿ

ಇವತ್ತು ಬೆಳಿಗ್ಗೆ ವಾಟ್ಸಾಪಿನಲ್ಲಿ ಒಂದು ಸಂದೇಶ ಬಂತು. "ಹಾಯ್ ಅಂಕಲ್, ನೆಕ್ಸ್ಟ್ ವೀಕ್ ಜಪಾನಿಗೆ ಹೋಗ್ತಿದ್ದೇನೆ, ಕೋಬೆಗೆ. ಡ್ಯಾಡಿ ಸೇಸ್ ಯು ನೋ ಆಲ್ ದ ಗುಡ್ ಫುಡ್ ಪ್ಲೇಸಸ್. ಡ್ಯಾಡಿಯ ಗಂಜಿ ಅಜ್ಜಿಯನ್ನೂ ಮೀಟ್ ಮಾಡ್ಬೇಕು!" ಕಳಿಸಿದವಳು ಗೆಳೆಯ ಲಾರೆನ್ಸನ ಮಗಳು ಶರಲ್; ದುಬೈಯ ಆಸ್ಪತ್ರೆಯೊಂದರಲ್ಲಿ ನರ್ಸು. ಓದಿದ ಮೇಲೆ ಬಿಪಿ ಮಾತ್ರೆ ನುಂಗಿದ್ದೆನೋ ಇಲ್ಲವೋ ನೆನಪಾಗದೆ, ಇನ್ನೊಂದು ನುಂಗಲೇ ಬೇಡವೇ ಎಂದು ಯೋಚಿಸುತ್ತ ಕೂತೆ.

ಅಬುಧಾಬಿಯ ನಮ್ಮ ಬಳಗದಲ್ಲಿ ಯಾರು ಜಪಾನಿಗೆ ಹೊರಟರೂ ಊಟದ ವಿಚಾರಕ್ಕೆ ನನ್ನತ್ತ ಬೆರಳು ತೋರಿಸುತ್ತಾರೆ. ನಾನೂ ಆರು ವರ್ಷಗಳಿಂದ ಗಂಭೀರವಾಗಿ ಸಲಹೆ ಕೊಡುತ್ತ ಬಂದಿದ್ದೇನೆ. ನಿಮ್ಮ ಹತ್ತಿರ ಹೇಳಿಬಿಡುತ್ತೇನೆ: ಕೋಬೆಯ ಯಾವ ಅಂಗಡಿಯಲ್ಲೂ ನಾನು ಒಂದು ತುತ್ತು ತಿಂದವನಲ್ಲ.

ಆರು ವರ್ಷದ ಹಿಂದೆ ನಾನು ಅಬುಧಾಬಿ ನಗರದಿಂದ ಮೂರು ಗಂಟೆ ದಾರಿಯ ರುವೈಸಿನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರು. ಮೋಟಾರೊಂದರ ತಪಾಸಣೆಗೆಂದು ಕಂಪನಿ ಐದು ದಿನ ಕೋಬೆಗೆ ಕಳಿಸಿತು. ಗಲ್ಫಿನಲ್ಲಿ ಒಬ್ಬ ವಿಮಾನ ಹತ್ತುತ್ತಾನೆಂದರೆ ಅವನ ಸೂಟ್‌ಕೇಸು ಅವನೊಬ್ಬನದಲ್ಲ. ಯಾರದೋ ತಾಯಿಗೆ ನೋವಿನ ಮುಲಾಮು, ಯಾರದೋ ಮಗುವಿಗೆ ಹಾಲಿನ ಪುಡಿ. ನಾನು ಹೊರಟದ್ದು ಊರಿಗಲ್ಲ, ಜಪಾನಿಗೆ. ಆದರೂ ಬಿಡುಗಡೆ ಇರಲಿಲ್ಲ. ಅಬುಧಾಬಿಯ ಖಾಲಿದಿಯಾ ಬಡಾವಣೆಯ ಹೋಟೆಲೊಂದರಲ್ಲಿ ಅಡುಗೆಯವನಾಗಿದ್ದ ಲಾರೆನ್ಸ್, ಖರ್ಜೂರದ ದೊಡ್ಡ ಡಬ್ಬಿ ಹಿಡಿದು ಬಂದ.

ಅವನು ಅದಕ್ಕೂ ಮೊದಲು ಸರಕು ಹಡಗಿನಲ್ಲಿ ಅಡುಗೆಗಿದ್ದವನು. ಹಡಗು ರಿಪೇರಿಗೆಂದು ಕೋಬೆಯಲ್ಲಿ ನಿಂತಾಗ ಜ್ವರ ಬಂದು ಮಲಗಿದ. ಬಂದರಿನ ಹಿಂದಿನ ಓಣಿಯಲ್ಲಿ ನೂಡಲ್ಸ್ ಅಂಗಡಿ ಇಟ್ಟಿದ್ದ ಅಜ್ಜಿಯೊಬ್ಬಳು ಹತ್ತು ದಿನ ಗಂಜಿ ಕೊಟ್ಟು ಎಬ್ಬಿಸಿದಳಂತೆ.

"ನಮ್ಮ ಗಂಜಿಯೇ ಮಾರಾಯ್ರೆ, ಬದಿಯಲ್ಲಿ ಒಂದು ಹುಳಿ ಉಪ್ಪಿನಕಾಯಿ. ಥ್ಯಾಂಕ್ಸ್ ಹೇಳ್ಲಿಕ್ಕೂ ಆಗ್ಲಿಲ್ಲ, ಹಡಗು ಬಿಟ್ಟಿತು. ಇದನ್ನು ಅವರ ಕೈಗೆ ಕೊಡಿ, ಅಲ್ಲೇ ಊಟ ಮಾಡಿ. ಕೋಬೆಯಲ್ಲಿ ಅದಕ್ಕಿಂತ ಒಳ್ಳೆ ಊಟ ಎಂತ ಉಂಟು?" ಎಂದು ಓಣಿಯ ನಕ್ಷೆ ಬರೆದುಕೊಟ್ಟ. ಕೆಳಗೆ ಇನ್ನೂ ನಾಲ್ಕು ಒಳ್ಳೆಯ ಅಂಗಡಿಗಳ ಗುರುತು. ನನ್ನ ಪಾಂಡಿತ್ಯವೆಲ್ಲ ಆ ಒಂದು ಚೀಟಿ.

ಹೊಟ್ಟೆಯ ಬಗ್ಗೆ ನನಗೆ ಸದಾ ಭಯ. ಹಾಗಾಗಿ ಪುಟ್ಟ ರೈಸ್ ಕುಕ್ಕರನ್ನೂ ಕುಚ್ಚಲಕ್ಕಿಯನ್ನೂ ತುಂಬಿಕೊಂಡೆ. ಜಪಾನಿಗೆ ರೈಸ್ ಕುಕ್ಕರು ಹೊತ್ತವನು ಇನ್ನೊಬ್ಬನಿದ್ದರೆ ನೀವೇ ಹೇಳಿ. ಅಲ್ಲಿನ ಕರೆಂಟು ನಮ್ಮದರ ಅರ್ಧಕ್ಕಿಂತ ಕಡಿಮೆ ವೋಲ್ಟು. ಮೂರು ಗಂಟೆಯಾದರೂ ನೀರು ಕುದಿಯದಿದ್ದಾಗ ಅದು ಹೊಳೆದದ್ದು ಒಬ್ಬ ಎಲೆಕ್ಟ್ರಿಕಲ್ ಇಂಜಿನಿಯರಿಗೆ.

ಅಜ್ಜಿಯ ಅಂಗಡಿಯೂ ಸಿಕ್ಕಿತು. ಬಾಗಿಲಿಗೆ ನೀಲಿ ಬಟ್ಟೆ ಇಳಿಬಿಟ್ಟಿತ್ತು, ಒಳಗೆ ಆರೇಳು ಸ್ಟೂಲು. ಬೂಟು ಬಿಚ್ಚಬೇಕೋ? ಮಾತು ಬಾರದೆ ಲಾರೆನ್ಸನ ವಿಷಯ ಹೇಳುವುದು ಹೇಗೆ? ಹೊಟ್ಟೆ ಕೆಟ್ಟರೆ ನಾಳೆಯ ತಪಾಸಣೆ? ಮೂರು ದಿನ ಡಬ್ಬಿ ಹಿಡಿದು ಹೋಗಿ, ಅಂಗಡಿಯ ಮುಂದೆ ಹಾದು, ವಾಪಸು ಬಂದೆ. ನಾಲ್ಕನೆಯ ದಿನ ಬಟ್ಟೆ ಸರಿಯಿತು. ಬೆಳ್ಳಿಕೂದಲಿನ ಮುದುಕಿಯೊಬ್ಬಳು ತಲೆ ಹೊರಹಾಕಿ, ಕೈಬೀಸಿ ಒಳಗೆ ಕರೆದಳು. ನಾನು ನಡು ಬಗ್ಗಿಸಿ ನಮಸ್ಕರಿಸಿ, ದಾರಿ ತಪ್ಪಿದವನಂತೆ ನಡೆದುಬಿಟ್ಟೆ. ಅದುವರೆಗೆ ಬಿಸ್ಕತ್ತು ತಿಂದುಕೊಂಡಿದ್ದೆ, ಉಳಿದ ಹೊತ್ತು ಡಬ್ಬಿಯ ಖರ್ಜೂರದಲ್ಲಿ ಕಳೆಯಿತು.

ನಾನು ಮರಳಿದ ಶುಕ್ರವಾರವೇ ಲಾರೆನ್ಸ್ ಬಸ್ಸು ಹಿಡಿದು ರುವೈಸಿಗೆ ಬಂದ, ಅಷ್ಟು ದೂರ.

"ಅಜ್ಜಿ ಇದ್ದಾರಾ?"

ಇದ್ದಾರೆ ಎಂದೆ. ಅದು ಸತ್ಯ.

"ಖರ್ಜೂರ ಕೊಟ್ರಾ? ಎಂತ ಹೇಳಿದ್ರು?"

ಅವನ ಮುಖ ನೋಡಿದೆ. ಏಪ್ರನ್ನಿನ ತುದಿಯಲ್ಲಿ ಕಣ್ಣೊರೆಸಿಕೊಂಡರು ಎಂದೆ. ಸುಳ್ಳಿನಲ್ಲಿ ನನಗೆ ಇಷ್ಟು ಒಳ್ಳೆಯ ಕೈ ಇದೆಯೆಂದು ಗೊತ್ತಿರಲಿಲ್ಲ. ಲಾರೆನ್ಸ್ ನಿಂತಲ್ಲೇ ಶಿಲುಬೆಯ ಗುರುತು ಮಾಡಿಕೊಂಡ.

ಈಗ ಶರಲ್ ಹೋಗುತ್ತಾಳೆ, ಅಜ್ಜಿಯನ್ನು ಕೇಳುತ್ತಾಳೆ. ಸಿಕ್ಕಿಬೀಳುವ ಭಯ ನನಗೆ ಹೊಸದಲ್ಲ. ಆರು ವರ್ಷ ಹೊತ್ತು ಸುಸ್ತಾಗಿದೆ, ಅಷ್ಟೆ. ಲಾರೆನ್ಸನಿಗೆ ಫೋನು ಮಾಡಿದೆ.

"ನಾನು ಒಳಗೆ ಹೋಗ್ಲೇ ಇಲ್ಲ ಲಾರೆನ್ಸ್."

"ಎಲ್ಲಿಗೆ?"

"ಅಜ್ಜಿಯ ಅಂಗಡಿಗೆ. ಖರ್ಜೂರ ನಾನೇ ತಿಂದೆ."

ಅವನ ಹಿಂದೆ ಅಡುಗೆಮನೆಯಲ್ಲಿ ಯಾರೋ "ಯಲ್ಲಾ, ಯಲ್ಲಾ" ಎಂದು ಅವಸರ ಮಾಡುತ್ತಿದ್ದರು.

"ಮತ್ತೆ ಆ ಕಣ್ಣು ಒರೆಸಿದ್ದು?"

"ಅದೂ ನಾನೇ ಹುಟ್ಟಿಸಿದ್ದು."

"ಖರ್ಜೂರ ಸಾಯ್ಲಿ ಮಾರಾಯ್ರೆ," ಎಂದ. "ಆರು ವರ್ಷ ನಾನು ಥ್ಯಾಂಕ್ಸ್ ಹೇಳಿ ಆಯ್ತು ಅಂತ ಕೂತಿದ್ದೆ. ಇಲ್ಲದಿದ್ರೆ ಬೇರೆ ಯಾರ ಹತ್ರ ಆದ್ರೂ ಹೇಳಿಸ್ತಿದ್ದೆ. ಅಜ್ಜಿಗೆ ಎಷ್ಟು ಪ್ರಾಯ ಗೊತ್ತುಂಟಾ ನಿಮ್ಗೆ? ಶರಲ್‌ಗೆ ನೀವೇ ಹೇಳಿ. ನನ್ನ ಬಾಯಲ್ಲಿ ಬರುದಿಲ್ಲ."

ಫೋನು ಇಟ್ಟುಬಿಟ್ಟ. ಹಳೆಯ ಚೀಟಿಯ ಫೋಟೋ ತೆಗೆದು, ಅದರ ಕೆಳಗೆ ಬರೆದೆ:

"ಶರಲ್, ಕೋಬೆಯಲ್ಲಿ ಎಲ್ಲಿ ಊಟ ಚೆನ್ನಾಗಿರುತ್ತದೆಂದು ನನಗೆ ಗೊತ್ತಿಲ್ಲ. ನಾನು ಒಳಗೆ ಹೋಗಲು ಹೆದರಿದೆ, ನಿನ್ನ ಡ್ಯಾಡಿಗೆ ಸುಳ್ಳು ಹೇಳಿದೆ. ನೀನು ಬಾಗಿಲಲ್ಲಿ ನಿಲ್ಲಬೇಡ. ಡ್ಯಾಡಿಯ ಥ್ಯಾಂಕ್ಸ್ ಹೇಳು, ತಡವಾದದ್ದು ನನ್ನಿಂದ ಎಂದೂ ಹೇಳು. ಅಜ್ಜಿ ಇಲ್ಲದಿದ್ದರೆ, ಒಲೆಯ ಮುಂದೆ ಯಾರಿದ್ದಾರೋ ಅವರಿಗೆ ಹೇಳು. ಆಮೇಲೆ ಕೂತು ಊಟ ಮಾಡು."